ಕಾಣದಿರುವುದೂ ಪ್ರಮಾಣವೇ: ಗಣಿಯಿಂದ ದರ್ಶನಕ್ಕೆ ಬಂದ ಬಿ.ವಿ. ಶ್ರೀಕಂಠನ್

ತುಮಕೂರು ದಾಟಿ ಶಿರಾ ಕಡೆಗೆ ಹೊರಟವರಿಗೆ ಹೆದ್ದಾರಿಯಲ್ಲಿ ಸಿಗುವ ಊರು ಕಳ್ಳಂಬೆಳ್ಳ. ಅಲ್ಲಿಂದ ಪೂರ್ವಕ್ಕೆ ಹೋದರೆ ಮಧುಗಿರಿ, ಕೊರಟಗೆರೆ ಸೀಮೆಯ ಬಂಡೆಬೆಟ್ಟಗಳು. ಬೇಸಿಗೆಯಲ್ಲಿ ಇಂಥ ಗುಡ್ಡಗಳ ಒಣಹುಲ್ಲಿಗೆ ಕಿಡಿ ಬಿದ್ದಾಗ ಊರಿನವರಿಗೆ ಮೊದಲು ಕಾಣುವುದು ಹೊಗೆ. ‘ಗುಡ್ಡಕ್ಕೆ ಬೆಂಕಿ ಬಿತ್ತು’ ಎಂದು ಅವರು ಹೇಳುವಾಗ ಬೆಂಕಿಯನ್ನು ಯಾರೂ ಕಂಡಿರುವುದಿಲ್ಲ. ನ್ಯಾಯದರ್ಶನದವರು ತಲೆತಲಾಂತರದಿಂದ ಪಾಠ ಹೇಳಿದ್ದು ಇದೇ ಬೆಟ್ಟ, ಇದೇ ಹೊಗೆ ಇಟ್ಟುಕೊಂಡು. ಹೊಗೆ ಹೇತು, ಬೆಂಕಿ ಸಾಧ್ಯ, ಹೊಗೆಯಿದ್ದಲ್ಲೆಲ್ಲ ಬೆಂಕಿ ಇರುತ್ತದೆಂಬ ಬಿಡದ ನಂಟು ವ್ಯಾಪ್ತಿ. ಪ್ರಮಾಣವೆಂದರೆ ತಿಳಿವಿನ ಸಾಧನ; ಕಂಡದ್ದರಿಂದ ಕಾಣದ್ದಕ್ಕೆ ಹೋಗುವ ಈ ದಾರಿಗೆ ಅನುಮಾನ ಪ್ರಮಾಣ ಎಂದು ಹೆಸರು.

ಇಪ್ಪತ್ತನೆಯ ಶತಮಾನದ ಕಣ ಭೌತಶಾಸ್ತ್ರ ಪೂರ್ತಿ ನಿಂತಿರುವುದು ಇದೇ ದಾರಿಯ ಮೇಲೆ. ಎಲೆಕ್ಟ್ರಾನನ್ನಾಗಲಿ ಮ್ಯೂಯಾನನ್ನಾಗಲಿ ಕಣ್ಣಾರೆ ಕಂಡವರಿಲ್ಲ. ಉಪಕರಣದಲ್ಲಿ ಒಂದು ಮಿಣುಕು, ಒಂದು ಗೀಟು, ಒಂದು ಎಣಿಕೆ. ಅದನ್ನು ಹಿಡಿದು ‘ಇಂಥದ್ದು ಹೀಗೆ ಹಾದುಹೋಯಿತು’ ಎನ್ನುತ್ತೇವೆ. ಹಾಗೆ ಎನ್ನುವ ಹಕ್ಕು ನಮಗೆ ಎಲ್ಲಿಂದ ಬಂತು? ಭೌತವಿಜ್ಞಾನಿಗಳಲ್ಲಿ ಹೆಚ್ಚಿನವರು ಈ ಪ್ರಶ್ನೆಯನ್ನು ಬದಿಗಿಟ್ಟು ಕೆಲಸ ಮುಂದುವರಿಸುತ್ತಾರೆ. ಕೆಲಸವನ್ನು ಎಲ್ಲರಿಗಿಂತ ಚೆನ್ನಾಗಿ ಮಾಡಿ, ಪ್ರಶ್ನೆಯನ್ನೂ ಬಿಡದೆ ಹಿಂಬಾಲಿಸಿದ ಕನ್ನಡ ನಾಡಿನ ಒಬ್ಬರ ಕತೆ ಈ ಅಧ್ಯಾಯದ್ದು.

ಬಿ.ವಿ. ಶ್ರೀಕಂಠನ್ ಹುಟ್ಟಿದ್ದು 1925ರ ಜೂನ್ 30ರಂದು, ನಂಜನಗೂಡು ಸೀಮೆಯಲ್ಲಿ. ಹೆಸರಿನ ಮೊದಲ ಅಕ್ಷರದಲ್ಲಿರುವುದು ಅದೇ ತಾಲ್ಲೂಕಿನ ಬದನವಾಳು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಎಂ.ಎಸ್ಸಿ. ಮುಗಿಸಿ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸ್ವಲ್ಪ ಕಾಲ ಇದ್ದು, 1948ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ ಸೇರಿದರು. ಸಂಸ್ಥೆ ಆಗ ಇನ್ನೂ ಎಳೆಯದು. ನಿರ್ದೇಶಕ ಹೋಮಿ ಭಾಭಾ ತರುಣರನ್ನು ಹುಡುಕಿ ಹುಡುಕಿ ಸೇರಿಸಿಕೊಳ್ಳುತ್ತಿದ್ದ ಕಾಲ.

ಭಾಭಾ ಈ ತರುಣನಿಗೆ ಒಪ್ಪಿಸಿದ ಕೆಲಸ ವಿಚಿತ್ರದ್ದು. ಆಕಾಶದಿಂದ ಬರುವುದನ್ನು ಅಳೆಯಲು ನೆಲದೊಳಕ್ಕೆ ಇಳಿಯಬೇಕು. ವಿಶ್ವಕಿರಣಗಳು ವಾತಾವರಣಕ್ಕೆ ಬಡಿದಾಗ ಹುಟ್ಟುವ ಮ್ಯೂಯಾನುಗಳು ನೆಲಮಟ್ಟದಲ್ಲಿ ಚದರ ಸೆಂಟಿಮೀಟರಿಗೆ ನಿಮಿಷಕ್ಕೆ ಸುಮಾರು ಒಂದರಂತೆ ಸುರಿಯುತ್ತಲೇ ಇರುತ್ತವೆ. ಈ ಸಾಲು ಓದಿ ಮುಗಿಸುವುದರೊಳಗೆ ನಿಮ್ಮ ಅಂಗೈ ತೂರಿ ಕೆಲವು ಹೋಗಿರುತ್ತವೆ. ಇವು ಬಂಡೆಯೊಳಗೆ ಎಷ್ಟು ಆಳ ಹೋಗಬಲ್ಲವು? ಉತ್ತರ ಬೇಕಾದವರಿಗೆ ಕೋಲಾರದ ಚಿನ್ನದ ಗಣಿಗಿಂತ ಒಳ್ಳೆಯ ಜಾಗ ಜಗತ್ತಿನಲ್ಲಿ ಹೆಚ್ಚಿರಲಿಲ್ಲ. 1950ರ ದಶಕದ ಆರಂಭದಲ್ಲಿ ಶ್ರೀಕಂಠನ್ ಗೈಗರ್ ಎಣಿಕೆಗೊಳವೆಗಳನ್ನು ಹೊತ್ತು ಗಣಿಗಿಳಿದರು. ಸುಮಾರು ಮುನ್ನೂರು ಮೀಟರ್ ಆಳದವರೆಗಿನ ಆ ಅಳತೆಗಳೇ ಅವರ ಪಿಎಚ್.ಡಿ. ಆದವು.

ಮುಂದಿನ ದಶಕದಲ್ಲಿ ತಂಡ ದೊಡ್ಡದಾಯಿತು. ಮಂಗಳೂರಿನಲ್ಲಿ ಹುಟ್ಟಿದ ಎಂ.ಜಿ.ಕೆ. ಮೆನನ್, ಪಿ.ವಿ. ರಮಣಮೂರ್ತಿ, ವಿ.ಎಸ್. ನರಸಿಂಹಂ, ಜಪಾನಿನ ಮಿಯಾಕೆ ಎಲ್ಲ ಸೇರಿದರು. ಆಳಕ್ಕೆ ಹೋದಂತೆ ಮ್ಯೂಯಾನುಗಳ ಎಣಿಕೆ ಇಳಿಯುತ್ತ ಬಂತು. 2,760 ಮೀಟರ್ ಆಳದಲ್ಲಿ ಉಪಕರಣ ಇಟ್ಟು ಎರಡು ತಿಂಗಳು ಕಾದರು. ಒಂದೂ ಬರಲಿಲ್ಲ.

ಬೇರೆಯವರಾಗಿದ್ದರೆ ಪ್ರಯೋಗ ವ್ಯರ್ಥವಾಯಿತು ಎಂದು ಮೇಲೆ ಬರುತ್ತಿದ್ದರೇನೋ. ಇವರಿಗೆ ಆ ಸೊನ್ನೆಯೇ ದೊಡ್ಡ ಸುದ್ದಿ. ಇಷ್ಟು ನಿಶ್ಶಬ್ದವಾದ ಜಾಗದಲ್ಲಿ ಏನಾದರೂ ಕಂಡರೆ ಅದು ಮೇಲಿನಿಂದ ಬಂದ ಮ್ಯೂಯಾನ್ ಆಗಿರಲಾರದು ಎಂಬ ಭರವಸೆ ಅದರಿಂದ ಸಿಕ್ಕಿತು. ಭರವಸೆಯ ಫಲ 1965ರಲ್ಲಿ ಬಂತು. ಟಾಟಾ ಸಂಸ್ಥೆ, ಒಸಾಕಾ ನಗರ ವಿಶ್ವವಿದ್ಯಾಲಯ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯ ಮೂರೂ ಸೇರಿ ಸುಮಾರು 2.3 ಕಿಲೋಮೀಟರ್ ಆಳದಲ್ಲಿ ಇಟ್ಟ ಉಪಕರಣದಲ್ಲಿ ಓರೆಯಾಗಿ ಹಾದುಹೋದ ಗೀಟುಗಳು ಮೂಡಿದವು. ಓರೆ ಎಂಬುದೇ ಇಲ್ಲಿ ಹೇತು. ನೆಟ್ಟಗೆ ಇಳಿಯುವ ಮ್ಯೂಯಾನೇ ಆ ಆಳ ಮುಟ್ಟುವುದು ಕಷ್ಟ. ಓರೆಯಾಗಿ ಬರಬೇಕಾದರೆ ಅದು ಇನ್ನೂ ಎಷ್ಟೋ ಪಟ್ಟು ಬಂಡೆ ದಾಟಬೇಕು, ಸಾಧ್ಯವೇ ಇಲ್ಲ. ಹಾಗಾದರೆ ಅದು ಅಲ್ಲೇ, ಪಕ್ಕದ ಬಂಡೆಯಲ್ಲೇ ಹುಟ್ಟಿರಬೇಕು. ಹುಟ್ಟಿಸಿದ್ದು ಯಾವುದು? ಇಡೀ ಭೂಮಿಯನ್ನು ತೂರಿ ಬರಬಲ್ಲ ನ್ಯೂಟ್ರಿನೊ. ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳನ್ನು ಹೀಗೆ ಗುರುತಿಸಿದ ಲೇಖನ ಆಗಸ್ಟ್ 15ರಂದು ಪ್ರಕಟವಾಯಿತು. ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲಿ ಇದೇ ಬೇಟೆಯಲ್ಲಿದ್ದ ಫ್ರೆಡರಿಕ್ ರೈನ್ಸ್ ತಂಡದ ಲೇಖನ ಪ್ರಕಟವಾದದ್ದು ಎರಡು ವಾರದ ನಂತರ.

ಎರಡು ತಿಂಗಳ ಆ ಸೊನ್ನೆಯ ಬಗ್ಗೆ ನಮ್ಮ ದಾರ್ಶನಿಕರಿಗೆ ಹೇಳುವುದು ಬಹಳ ಇತ್ತು. ನೆಲದ ಮೇಲೆ ಮಡಕೆ ಇಲ್ಲ ಎಂದು ನನಗೆ ಗೊತ್ತಾಗುವುದು ಹೇಗೆ? ಕುಮಾರಿಲ ಭಟ್ಟನ ಮೀಮಾಂಸಕರೂ ಅದ್ವೈತಿಗಳೂ ಇದಕ್ಕೆ ಅನುಪಲಬ್ಧಿ ಎಂಬ ಪ್ರತ್ಯೇಕ ಪ್ರಮಾಣವನ್ನೇ ಒಪ್ಪಿದರು. ನೈಯಾಯಿಕರು, ಬೇಡ, ಅದು ಪ್ರತ್ಯಕ್ಷದೊಳಗೇ ಬರುತ್ತದೆ ಎಂದರು. ಬೌದ್ಧ ಧರ್ಮಕೀರ್ತಿ ಅದನ್ನು ಅನುಮಾನದಲ್ಲಿ ಸೇರಿಸಿ, ಕಟ್ಟುನಿಟ್ಟಿನ ಒಂದು ಷರತ್ತು ಹಾಕಿದ: ಇದ್ದಿದ್ದರೆ ಕಾಣಲೇಬೇಕಾದ ವಸ್ತು ಕಾಣದಿದ್ದಾಗ ಮಾತ್ರ ಅದು ಇಲ್ಲ ಎನ್ನಬಹುದು. ಪಿಶಾಚಿ ಕಾಣಲಿಲ್ಲ ಎಂಬುದರಿಂದ ಪಿಶಾಚಿ ಇಲ್ಲ ಎಂದು ಸಿದ್ಧವಾಗುವುದಿಲ್ಲ, ಏಕೆಂದರೆ ಇದ್ದರೂ ಅದು ಕಾಣುವ ಜಾತಿಯದಲ್ಲ. ಗಣಿಯೊಳಗಿನ ವಿಜ್ಞಾನಿ ಉಪಕರಣ ಸರಿಯಿದೆಯೇ, ಮ್ಯೂಯಾನ್ ಬಂದಿದ್ದರೆ ಹಿಡಿಯುತ್ತಿತ್ತೇ ಎಂದು ಪರೀಕ್ಷಿಸುತ್ತಿದ್ದುದು ಈ ಷರತ್ತನ್ನು ಪೂರೈಸಲಿಕ್ಕೇ. ಈ ಹೋಲಿಕೆ ನನ್ನದು, ಶ್ರೀಕಂಠನ್ ಅವರ ಬಾಯಲ್ಲಿ ಇದನ್ನು ತುರುಕುತ್ತಿಲ್ಲ. ಆದರೆ ಅಂಥ ಬದುಕು ಬದುಕಿದವರಿಗೆ ತತ್ವಶಾಸ್ತ್ರ ಹೊರಗಿನಿಂದ ಬರಬೇಕಾಗಿರಲಿಲ್ಲ ಎಂಬುದು ನನ್ನ ಎಣಿಕೆ.

1975ರಿಂದ 1987ರವರೆಗೆ ಅವರು ಟಾಟಾ ಸಂಸ್ಥೆಯ ನಿರ್ದೇಶಕರಾಗಿದ್ದರು. ಭಾಭಾ, ಮೆನನ್ ನಂತರ ಆ ಕುರ್ಚಿಯಲ್ಲಿ ಕೂತ ಮೂರನೆಯವರು. ಆ ವರ್ಷಗಳಲ್ಲೇ ಕೋಲಾರದಲ್ಲಿ ಇನ್ನೊಂದು ಕಾಯುವ ಕೆಲಸ ಶುರುವಾಯಿತು. ಪ್ರೋಟಾನ್ ಚಿರಂಜೀವಿಯಲ್ಲ, ಎಂದಾದರೂ ಒಡೆಯುತ್ತದೆ ಎಂದು 1974ರಲ್ಲಿ ಜಾರ್ಜಿ ಮತ್ತು ಗ್ಲಾಶೊ ಅವರ ಸಿದ್ಧಾಂತ ಸೂಚಿಸಿತ್ತು. ಆ ಸಿದ್ಧಾಂತದ ಲೆಕ್ಕದಲ್ಲಿ ಪ್ರೋಟಾನಿನ ಆಯುಸ್ಸು ಒಂದರ ಮುಂದೆ ಮೂವತ್ತರ ಆಸುಪಾಸು ಸೊನ್ನೆ ಹಾಕಿದಷ್ಟು ವರ್ಷ. ಬ್ರಹ್ಮಾಂಡದ ವಯಸ್ಸು ಬರೀ 1,380 ಕೋಟಿ ವರ್ಷ. ಹಾಗಿದ್ದೂ ಇದನ್ನು ಪರೀಕ್ಷಿಸಬಹುದು, ಕ್ವಾಂಟಮ್ ನಿಯಮದ ದಯೆಯಿಂದ. ಒಂದು ಕಣದ ಸಾವಿಗೆ ಇಂಥದೇ ದಿನ ಎಂಬುದಿಲ್ಲ. ಪ್ರತಿ ಕಣಕ್ಕೂ ಪ್ರತಿ ಗಳಿಗೆಯಲ್ಲೂ ಅಷ್ಟಿಷ್ಟು ಸಂಭಾವ್ಯತೆ ಮಾತ್ರ ಇರುತ್ತದೆ. ಹಾಗಾಗಿ ಒಂದು ಪ್ರೋಟಾನಿಗೆ ಅಷ್ಟು ವರ್ಷ ಕಾಯುವ ಬದಲು ಅಷ್ಟು ಪ್ರೋಟಾನುಗಳನ್ನು ಒಂದು ವರ್ಷ ಕಾಯ್ದರಾಯಿತು. 1980ರಲ್ಲಿ ಗಣಿಯ ಆಳದಲ್ಲಿ 140 ಟನ್ ತೂಕದ, ಕಬ್ಬಿಣವೇ ಮುಖ್ಯವಾದ ಉಪಕರಣ ಕೆಲಸ ಆರಂಭಿಸಿತು. ಅದರಲ್ಲಿದ್ದ ಪ್ರೋಟಾನು, ನ್ಯೂಟ್ರಾನುಗಳ ಒಟ್ಟು ಸಂಖ್ಯೆ ಎಂಟರ ಮುಂದೆ ಮೂವತ್ತೊಂದು ಸೊನ್ನೆ.

ಒಡೆದದ್ದಿರಬಹುದು ಎನ್ನಿಸುವ ಕೆಲವು ಘಟನೆಗಳನ್ನು ತಂಡ ವರದಿ ಮಾಡಿತು. ಜಗತ್ತು ಒಪ್ಪಲಿಲ್ಲ. ಅಮೆರಿಕ, ಜಪಾನುಗಳ ಬೃಹತ್ ನೀರಿನ ತೊಟ್ಟಿಗಳಲ್ಲಿ ಅಂಥದ್ದೇನೂ ಕಾಣಲಿಲ್ಲ. ಜಪಾನಿನ ಸೂಪರ್ ಕಮಿಯೊಕಾಂಡೆ ತೊಟ್ಟಿಯ ಲೆಕ್ಕದಂತೆ, ಒಡೆಯುವ ಮುಖ್ಯ ದಾರಿಯೊಂದರ ಮಟ್ಟಿಗೆ ಪ್ರೋಟಾನಿನ ಆಯುಸ್ಸು ಒಂದರ ಮುಂದೆ ಮೂವತ್ತನಾಲ್ಕು ಸೊನ್ನೆ ಹಾಕಿದಷ್ಟು ವರ್ಷಕ್ಕಿಂತಲೂ ಹೆಚ್ಚು. ಕಾಣದೆ ಹೋದದ್ದರಿಂದಲೇ ಜಾರ್ಜಿ, ಗ್ಲಾಶೊ ಅವರ ಸಿದ್ಧಾಂತದ ಮೊದಲ ಸರಳ ರೂಪ ಬಿದ್ದುಹೋಯಿತು. ಅನುಪಲಬ್ಧಿಗೆ ಇದಕ್ಕಿಂತ ದೊಡ್ಡ ಗೆಲುವು ಯಾವ ಶಾಸ್ತ್ರದಲ್ಲೂ ಸಿಕ್ಕಿರಲಾರದು.

ಇನ್ನೊಂದು ತೊಡಕನ್ನು ಇಲ್ಲಿ ಹೇಳಲೇಬೇಕು. ಪ್ರೋಟಾನನ್ನು ಕಾಯುವುದು, ಅಂದರೆ ಗಮನಿಸುವುದು, ಅದರ ಹಣೆಬರಹವನ್ನೇ ಬದಲಿಸಿದರೆ? ಕೇರಳದ ಕೊಟ್ಟಾಯಂ ಕಡೆಯ ಇ.ಸಿ.ಜಿ. ಸುದರ್ಶನ್, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸೈದ್ಧಾಂತಿಕ ಅಧ್ಯಯನ ಕೇಂದ್ರ ಕಟ್ಟಿದವರು, 1977ರಲ್ಲಿ ಬೈದ್ಯನಾಥ ಮಿಶ್ರಾ ಜೊತೆ ಬರೆದ ಲೇಖನದಲ್ಲಿ ಬೆರಗಿನ ಫಲಿತಾಂಶ ಒಂದನ್ನು ಮುಂದಿಟ್ಟರು. ಅಸ್ಥಿರ ಕ್ವಾಂಟಮ್ ವ್ಯವಸ್ಥೆಯನ್ನು ಎಡೆಬಿಡದೆ ಗಮನಿಸುತ್ತಲೇ ಇದ್ದರೆ ಅದು ಒಡೆಯುವುದೇ ಇಲ್ಲ. ಓಡುವ ಬಾಣ ಪ್ರತಿ ಗಳಿಗೆಯಲ್ಲೂ ನಿಂತೇ ಇರುತ್ತದೆ ಎಂದ ಗ್ರೀಕ್ ತಾರ್ಕಿಕನ ನೆನಪಿಗೆ ಇದಕ್ಕೆ ಜೀನೊ ಪರಿಣಾಮ ಎಂದು ಹೆಸರಿಟ್ಟರು. 1990ರ ಹೊತ್ತಿಗೆ ಪರಮಾಣುಗಳ ಮೇಲೆ ಪ್ರಯೋಗವಾಗಿ ಈ ಪರಿಣಾಮ ಕಂಡೂ ಬಂತು. ಗಮನಿಸುವುದೆಂದರೆ ಇಲ್ಲಿ ಮನುಷ್ಯ ದಿಟ್ಟಿಸಿ ನೋಡುವುದಲ್ಲ, ಅಳೆಯುವ ಸಾಧನದೊಡನೆ ಆಗುವ ಕೊಡುಕೊಳ್ಳುವಿಕೆ. ಇದನ್ನು ಮರೆತವರೇ ಮನಸ್ಸಿನ ಶಕ್ತಿಯಿಂದ ರೋಗ ಗುಣಪಡಿಸುವ ‘ಕ್ವಾಂಟಮ್’ ಪುಸ್ತಕ ಮಾರುತ್ತಿರುವುದು.

ಬೆಟ್ಟದ ಹೊಗೆಯ ತರ್ಕಕ್ಕೆ ನಿಜವಾದ ಪೆಟ್ಟು ಬೀಳುವುದೂ ಇಲ್ಲೇ. ನಾವು ನೋಡಲಿ ಬಿಡಲಿ ಬೆಂಕಿ ಅಲ್ಲಿ ಮೊದಲೇ ಇತ್ತು. ಹೊಗೆ ಅದನ್ನು ನಮಗೆ ತಿಳಿಸಿತು ಅಷ್ಟೆ. ನ್ಯಾಯದರ್ಶನ ಇದರಲ್ಲಿ ಎಳ್ಳಷ್ಟೂ ಸಂಶಯ ಪಡುವುದಿಲ್ಲ. ಐನ್‌ಸ್ಟೈನ್ ಕೂಡ ಇದೇ ಪಕ್ಷ. ಆದರೆ 1964ರಲ್ಲಿ ಜಾನ್ ಬೆಲ್ ಒಂದು ಅಸಮಾನತೆ ಬರೆದ: ಕಣಗಳ ಗುಣಗಳು ಅಳೆಯುವ ಮೊದಲೇ ನಿಶ್ಚಿತವಾಗಿದ್ದು, ದೂರದ ಅಳತೆ ಇಲ್ಲಿನದನ್ನು ಮುಟ್ಟದಿದ್ದರೆ, ಫಲಿತಾಂಶಗಳ ನಡುವಿನ ಹೊಂದಿಕೆ ಒಂದು ಮಿತಿ ದಾಟಕೂಡದು. ಪ್ರಯೋಗಗಳಲ್ಲಿ ಅದು ದಾಟಿತು. ಆಸ್ಪೆ, ಕ್ಲೌಸರ್, ಝೈಲಿಂಗರ್ 2022ರ ನೊಬೆಲ್ ಪಡೆದದ್ದು ಅದಕ್ಕೇ. ಒಂದೇ ವಸ್ತುವನ್ನು ಬೇರೆ ಬೇರೆ ಹೊತ್ತಿನಲ್ಲಿ ಅಳೆದು ಇಂಥದೇ ಮಿತಿ ಕೇಳುವ ಲೆಗೆಟ್–ಗಾರ್ಗ್ ಅಸಮಾನತೆಯನ್ನು ಒಂಟಿ ಫೋಟಾನುಗಳಿಂದ, ಲೋಪದ ಸಂದುಗಳನ್ನು ಮುಚ್ಚಿ ಪರೀಕ್ಷಿಸಿದ ಕೆಲಸ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಊರ್ವಶಿ ಸಿನ್ಹಾ ಅವರ ಪ್ರಯೋಗಾಲಯದಿಂದ ಅದೇ ವರ್ಷ ಹೊರಬಂತು. ಅಲ್ಲಿಯೂ ಮಿತಿ ಮುರಿಯಿತು.

ಇಂಥ ಪ್ರಶ್ನೆಗಳಿಗೆ ಭೌತಶಾಸ್ತ್ರದ ವಿಭಾಗದಲ್ಲಿ ಪುರುಸೊತ್ತಿಲ್ಲ, ತತ್ವಶಾಸ್ತ್ರದ ವಿಭಾಗದಲ್ಲಿ ಗಣಿತವಿಲ್ಲ. ಎರಡಕ್ಕೂ ಜಾಗ ಕೊಟ್ಟದ್ದು 1988ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆ. ಜೆ.ಆರ್.ಡಿ. ಟಾಟಾ ಕಂಡ ಕನಸನ್ನು ಮೊದಲ ನಿರ್ದೇಶಕರಾಗಿ ಕಟ್ಟಿದವರು ರಾಜಾ ರಾಮಣ್ಣ, ನಮ್ಮ ತುಮಕೂರು ಜಿಲ್ಲೆಯಲ್ಲೇ ಹುಟ್ಟಿದವರು. 1974ರ ಪೋಖ್ರಾನ್ ಸ್ಫೋಟದ ಹಿಂದಿದ್ದ ವಿಜ್ಞಾನಿ, ಪಿಯಾನೊ ನುಡಿಸುತ್ತಿದ್ದರು, ರಾಗಸಂಗೀತ ಮತ್ತು ಪಾಶ್ಚಾತ್ಯ ಸಂಗೀತದ ರಚನೆಯ ಮೇಲೆ ಪುಸ್ತಕ ಬರೆದರು. ಅಂಥ ಮನುಷ್ಯ ಕಟ್ಟಿದ ಸಂಸ್ಥೆಗೆ 1992ರಲ್ಲಿ ಶ್ರೀಕಂಠನ್ ಎಸ್. ರಾಧಾಕೃಷ್ಣನ್ ಹೆಸರಿನ ಸಂದರ್ಶಕ ಪ್ರಾಧ್ಯಾಪಕರಾಗಿ ಬಂದರು. ರಾಧಾಕೃಷ್ಣನ್ 1918ರಿಂದ ಮೂರು ವರ್ಷ ಮೈಸೂರಿನಲ್ಲಿ ತತ್ವಶಾಸ್ತ್ರ ಕಲಿಸಿದವರು. ಪೀಠಕ್ಕೆ ಆ ಹೆಸರು, ಕೂತವರು ನಂಜನಗೂಡಿನವರು, ಸೊಗಸಾಗಿಯೇ ಕೂಡಿಬಂತು. ವಿಜ್ಞಾನಗಳ ತಳಹದಿ, ಕ್ವಾಂಟಮ್ ಸಿದ್ಧಾಂತ, ಪ್ರಜ್ಞೆ ಇವು ಅವರ ಹೊಸ ಹೊಲ. ಎಂಬತ್ತೈದರ ಆಚೆಗೂ ಈ ವಿಷಯಗಳ ಸಂಪುಟಗಳನ್ನು ಸಂಪಾದಿಸುತ್ತಲೇ ಇದ್ದರು. 2014ರಲ್ಲಿ ಸಂಗೀತಾ ಮೆನನ್, ಅನಿಂದ್ಯ ಸಿನ್ಹಾ ಜೊತೆ ಪ್ರಜ್ಞೆ ಮತ್ತು ಆತ್ಮದ ಬಗ್ಗೆ ತಂದ ಸಂಪುಟ ಅಂಥದೊಂದು. 2019ರ ಅಕ್ಟೋಬರ್ 27ರಂದು ತೀರಿಕೊಂಡರು.

ಕ್ವಾಂಟಮ್ ಎಂದ ಕೂಡಲೇ ಇದೆಲ್ಲ ಉಪನಿಷತ್ತಿನಲ್ಲೇ ಇತ್ತು ಎನ್ನುವವರು ಪ್ರತಿ ಊರಿನಲ್ಲೂ ಇದ್ದಾರೆ. ಷ್ರೋಡಿಂಗರ್ ವೇದಾಂತ ಓದಿದ್ದು ನಿಜ, ಮೆಚ್ಚಿದ್ದೂ ನಿಜ. ಆದರೆ 1926ರ ಅವನ ಸಮೀಕರಣ ಹೊರಟದ್ದು ಡಿ ಬ್ರಾಯ್ ಹೇಳಿದ ಕಣ-ಅಲೆಯಿಂದ. ಉತ್ತರಗಳು ಒಂದೇ ಥರ ಕೇಳಿಸುತ್ತವೆ ಎಂಬುದರಿಂದ ಎರಡು ಶಾಸ್ತ್ರಗಳ ನಡುವೆ ಸೇತುವೆ ಆಗುವುದಿಲ್ಲ. ಪ್ರಶ್ನೆಗಳು ಕೂಡಬೇಕು: ಇದು ನಿನಗೆ ಹೇಗೆ ಗೊತ್ತು, ಯಾವ ಪ್ರಮಾಣದಿಂದ, ಅದನ್ನು ಸುಳ್ಳಾಗಿಸುವ ಬಾಧೆ ಬಂದರೆ ಏನು ಮಾಡುತ್ತೀಯೆ?

ಈ ಬಗೆಯ ಕೆಲಸವನ್ನು ನಿವೃತ್ತಿಯವರೆಗೆ ಕಾಯದೆ, ಬದುಕಿನ ವೃತ್ತಿಯಾಗಿಯೇ ಮಾಡಿದವರು ಬೆಂಗಳೂರಿನ ಸುಂದರ್ ಸರುಕ್ಕೈ. ಭೌತಶಾಸ್ತ್ರ, ತತ್ವಶಾಸ್ತ್ರ ಎರಡರಲ್ಲೂ ಪಳಗಿ, ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದು, ಅದೇ ಉನ್ನತ ಅಧ್ಯಯನ ಸಂಸ್ಥೆಯಲ್ಲಿ ವರ್ಷಗಟ್ಟಲೆ ಇದ್ದರು. ನಂತರ ಮಣಿಪಾಲದಲ್ಲಿ ತತ್ವಶಾಸ್ತ್ರ ಮತ್ತು ಮಾನವಿಕಗಳ ಕೇಂದ್ರ ಕಟ್ಟಿ ಅದರ ಮೊದಲ ನಿರ್ದೇಶಕರಾದರು. 2005ರ ಅವರ ಪುಸ್ತಕ ನ್ಯಾಯ ಮತ್ತು ಬೌದ್ಧ ತರ್ಕವನ್ನು ವಿಜ್ಞಾನದ ತತ್ವಶಾಸ್ತ್ರದ ಪಕ್ಕ ಕೂರಿಸಿ ಮಾತಾಡಿಸುತ್ತದೆ. ಪುರಾತನರಿಗೆ ಎಲ್ಲ ಗೊತ್ತಿತ್ತು ಎಂಬ ಜಂಬ ಅದರಲ್ಲಿಲ್ಲ. ಗುರುತಿನಿಂದ ವಸ್ತುವಿಗೆ ಹೋಗುವ ಹೆಜ್ಜೆಯನ್ನು ಅವರು ಎಷ್ಟು ಎಚ್ಚರದಿಂದ ಇಟ್ಟರು ಎಂಬ ಪರಿಶೀಲನೆ ಇದೆ. ಸಮಮಿತಿಯ ಬಗ್ಗೆ, ವಿಜ್ಞಾನದ ಭಾಷೆಯ ಬಗ್ಗೆ ಬರೆದ ಇದೇ ಲೇಖಕ ಗೋಪಾಲ್ ಗುರು ಜೊತೆ ಜಾತಿಯ ಅನುಭವದ ಮೇಲೂ ಬರೆದಿದ್ದಾರೆ. ಅಲ್ಲಿಯೂ ಕೇಳುವುದು ಬಲ್ಲವನು ಯಾರು, ಯಾವ ಹಕ್ಕಿನಿಂದ ಬಲ್ಲ ಎಂದೇ.

ಶಿರಾದಲ್ಲೋ ಪಾವಗಡದಲ್ಲೋ ಪಿಯುಸಿ ವಿಜ್ಞಾನ ಓದುವ ಹುಡುಗಿಗೆ ಇಂಥ ವೃತ್ತಿಯೊಂದು ಇದೆ ಎಂದು ಹೇಳುವವರು ಅಪರೂಪ. ಭೌತಶಾಸ್ತ್ರ ಚೆನ್ನಾಗಿ ಬಂದರೆ ಎಂಜಿನಿಯರಿಂಗ್, ಪ್ರಶ್ನೆ ಹೆಚ್ಚಾದರೆ ಅಧಿಕಪ್ರಸಂಗ. ಅವಳು ಕೇಳಿದರೆ ನಾನು ಹೇಳುವುದು ಇಷ್ಟು: ಮೊದಲು ಗಣಿತ, ಪ್ರಯೋಗ ಎರಡನ್ನೂ ಗಟ್ಟಿ ಮಾಡಿಕೊ, ಜೊತೆಗೆ ನ್ಯಾಯದ ಮೊದಲ ಪಾಠ ಹೇಳುವ ತರ್ಕಸಂಗ್ರಹದಂಥ ಸಣ್ಣ ಪುಸ್ತಕವೊಂದನ್ನು, ಬೆಲ್‌ನ ಅಸಮಾನತೆಯನ್ನು ಸರಳವಾಗಿ ಬಿಡಿಸಿದ ಒಂದು ಲೇಖನವನ್ನು ಪಕ್ಕಪಕ್ಕ ಇಟ್ಟು ಓದು. ಒಂದು, ಬೆಂಕಿ ಮೊದಲೇ ಇತ್ತು ಎನ್ನುತ್ತದೆ; ಇನ್ನೊಂದು, ಹಾಗೆನ್ನಲು ಸುಲಭವಾಗಿ ಬಿಡುವುದಿಲ್ಲ. ಈ ಜಗಳ ಇನ್ನೂ ತೀರ್ಮಾನವಾಗಿಲ್ಲ.