ಔಷಧ ವಿತರಣೆ: ಟೆಕ್ನಿಷಿಯನ್ ಸರ್ಟಿಫಿಕೇಟ್ ಸಾಲದು, ನೋಂದಣಿ ಬೇಕು

ಪಿಯುಸಿ ಫಲಿತಾಂಶ ಹೊರಬೀಳುವ ದಿನಗಳಲ್ಲಿ ‘ಫಾರ್ಮಸಿ ಟೆಕ್ನಿಷಿಯನ್’, ‘ಫಾರ್ಮಸಿ ಅಸಿಸ್ಟೆಂಟ್’ ಎಂಬ ಹೆಸರಿನ ಅಲ್ಪಾವಧಿ ತರಬೇತಿಗಳ ಜಾಹೀರಾತುಗಳು ವಿದ್ಯಾರ್ಥಿಗಳ ಗಮನ ಸೆಳೆಯುತ್ತವೆ. ಕೆಲವೇ ತಿಂಗಳ ಕಲಿಕೆ, ಬಳಿಕ ಮೆಡಿಕಲ್ ಷಾಪಿನಲ್ಲಿ ಕೆಲಸ ಎಂಬ ಆಶ್ವಾಸನೆ ಬಡ ಕುಟುಂಬಗಳಿಗೆ ಹಿತವಾಗಿಯೇ ಕೇಳಿಸುತ್ತದೆ. ಕೆಲಸ ಸಿಗಲೂಬಹುದು. ಆದರೆ ವೈದ್ಯರ ಚೀಟಿ ನೋಡಿ ಸ್ವತಂತ್ರವಾಗಿ ಔಷಧ ಕೊಡುವ ಹಕ್ಕು ಆ ಪ್ರಮಾಣಪತ್ರದಿಂದ ದೊರೆಯುವುದಿಲ್ಲ. ಈ ವ್ಯತ್ಯಾಸವನ್ನು ಅರಿಯದೆ ಹಣ ಮತ್ತು ವರ್ಷಗಳನ್ನು ಕಳೆದುಕೊಳ್ಳುವ ಅಪಾಯವಿದೆ.

ಕಾನೂನು ಹೇಳುವುದೇನು?

ಭಾರತದಲ್ಲಿ ಈ ವೃತ್ತಿಯನ್ನು ನಿಯಂತ್ರಿಸುವುದು 1948ರ ಫಾರ್ಮಸಿ ಕಾಯ್ದೆ. ಅದರಲ್ಲಿ ‘ಟೆಕ್ನಿಷಿಯನ್’ ಎಂಬ ನೋಂದಣಿ ವರ್ಗವೇ ಇಲ್ಲ. ಕಾಯ್ದೆಯ 42ನೇ ಕಲಮಿನ ಪ್ರಕಾರ ವೈದ್ಯರ ಚೀಟಿಗೆ ಔಷಧ ಸಿದ್ಧಪಡಿಸುವ ಹಾಗೂ ವಿತರಿಸುವ ಅಧಿಕಾರ ನೋಂದಾಯಿತ ಫಾರ್ಮಸಿಸ್ಟರಿಗೆ ಮಾತ್ರ ಸಲ್ಲುತ್ತದೆ. ವೈದ್ಯರು ತಮ್ಮದೇ ರೋಗಿಗಳಿಗೆ ಔಷಧ ಕೊಡುವುದಕ್ಕೆ ವಿನಾಯಿತಿ ಇದೆ. ಕಲಮನ್ನು ಉಲ್ಲಂಘಿಸಿದವರು ಶಿಕ್ಷೆಗೆ ಗುರಿಯಾಗುತ್ತಾರೆ. 1945ರ ಔಷಧ ನಿಯಮಾವಳಿಯ 65ನೇ ನಿಯಮವೂ ಚೀಟಿಯ ಔಷಧಗಳನ್ನು ನೋಂದಾಯಿತ ಫಾರ್ಮಸಿಸ್ಟರು ಸ್ವತಃ ಕೊಡಬೇಕು, ಇಲ್ಲವೇ ಅವರ ಖುದ್ದು ಮೇಲ್ವಿಚಾರಣೆಯಲ್ಲಿ ಕೊಡಬೇಕು ಎನ್ನುತ್ತದೆ.

ಅಂಗಡಿಯ ಸಹಾಯಕನು ದಾಸ್ತಾನು ಜೋಡಿಸಬಹುದು, ಬಿಲ್ ಬರೆಯಬಹುದು, ಕಪಾಟಿನಿಂದ ಔಷಧ ತೆಗೆದುಕೊಡಬಹುದು. ಹತ್ತು ವರ್ಷ ದುಡಿದರೂ ಆ ಅನುಭವವೊಂದರಿಂದಲೇ ಅವನು ಫಾರ್ಮಸಿಸ್ಟ್ ಆಗಲಾರ.

ಹಿಂದೆ ಹೀಗಿರಲಿಲ್ಲ. ಸೀಸೆಗೆ ಮಿಶ್ರಣ ತುಂಬಿ, ಹೊರಮೈಗೆ ಅಳತೆಯ ಕಾಗದದ ಪಟ್ಟಿ ಅಂಟಿಸಿ ಕೊಡುತ್ತಿದ್ದ ಕಾಂಪೌಂಡರ್ ಹಿರಿಯರ ನೆನಪಿನಲ್ಲಿ ಇನ್ನೂ ಇದ್ದಾನೆ. ಕಾಯ್ದೆಯಡಿ ಮೊದಲ ನೋಂದಣಿ ಪುಸ್ತಕ ಸಿದ್ಧವಾದಾಗ, ಔಷಧ ತಯಾರಿಕೆಯಲ್ಲಿ ಐದು ವರ್ಷಕ್ಕೆ ಕಡಿಮೆಯಿಲ್ಲದ ಅನುಭವ ಇದ್ದವರಿಗೂ ಅದರಲ್ಲಿ ಸ್ಥಾನ ದೊರೆಯುವ ಅವಕಾಶವಿತ್ತು. ಆ ಬಾಗಿಲು ಮುಚ್ಚಿ ದಶಕಗಳೇ ಕಳೆದಿವೆ.

ಅಮೆರಿಕದ ಮಾತು ಬೇರೆ

ಫಾರ್ಮಸಿ ಟೆಕ್ನಿಷಿಯನ್ ಎಂಬ ಹುದ್ದೆ ಪ್ರಸಿದ್ಧವಾಗಿರುವುದು ಅಮೆರಿಕದಲ್ಲಿ. ಅಲ್ಲಿ ಟೆಕ್ನಿಷಿಯನ್ ಮಾತ್ರೆಗಳನ್ನು ಎಣಿಸುತ್ತಾನೆ, ಲೇಬಲ್ ಸಿದ್ಧಪಡಿಸುತ್ತಾನೆ, ವಿಮೆಯ ಲೆಕ್ಕ ನೋಡುತ್ತಾನೆ. ರೋಗಿಗೆ ಔಷಧದ ಬಗ್ಗೆ ಸಲಹೆ ನೀಡುವ ಹೊಣೆ ಫಾರ್ಮಸಿಸ್ಟರದೇ. 1995ರಲ್ಲಿ ಆರಂಭವಾದ ಫಾರ್ಮಸಿ ಟೆಕ್ನಿಷಿಯನ್ ಪ್ರಮಾಣೀಕರಣ ಮಂಡಳಿ ಇದಕ್ಕಾಗಿ ರಾಷ್ಟ್ರಮಟ್ಟದ ಪರೀಕ್ಷೆ ನಡೆಸುತ್ತದೆ. ಪ್ರಮಾಣೀಕೃತರು ಎರಡು ವರ್ಷಕ್ಕೊಮ್ಮೆ 20 ಗಂಟೆಗಳ ಮುಂದುವರಿದ ಶಿಕ್ಷಣ ಪಡೆದು ನವೀಕರಣ ಮಾಡಿಸಿಕೊಳ್ಳಬೇಕು. ನೋಂದಣಿ, ಪರವಾನಗಿಯ ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗುತ್ತವೆ. ಅಲ್ಲಿ ನೆಲೆಸಿ ಈ ಕೆಲಸ ಅರಸುವ ಕನ್ನಡಿಗರು ತಮ್ಮ ರಾಜ್ಯದ ಫಾರ್ಮಸಿ ಮಂಡಳಿಯ ನಿಯಮಗಳನ್ನೇ ಮೊದಲು ನೋಡಬೇಕು. ಅಲ್ಲಿನ ಹುದ್ದೆಯ ಹೆಸರನ್ನು ಇಲ್ಲಿನ ತರಬೇತಿಗೆ ಅಂಟಿಸಿದ ಮಾತ್ರಕ್ಕೆ ಇಲ್ಲಿ ಯಾವ ಅಧಿಕಾರವೂ ಬರುವುದಿಲ್ಲ.

ಡಿ.ಫಾರ್ಮ್ ದಾರಿ

ಕರ್ನಾಟಕದ ವಿದ್ಯಾರ್ಥಿಗೆ ಈ ವೃತ್ತಿಯ ಹತ್ತಿರದ ದಾರಿ ಡಿಪ್ಲೊಮಾ ಇನ್ ಫಾರ್ಮಸಿ, ಅಂದರೆ ಡಿ.ಫಾರ್ಮ್. ಭಾರತೀಯ ಫಾರ್ಮಸಿ ಪರಿಷತ್ತಿನ 2020ರ ಶಿಕ್ಷಣ ನಿಯಮಾವಳಿಯಂತೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರದೊಡನೆ ಜೀವಶಾಸ್ತ್ರ ಅಥವಾ ಗಣಿತ ಓದಿ ತೇರ್ಗಡೆಯಾದವರು ಪ್ರವೇಶಕ್ಕೆ ಅರ್ಹರು. ವ್ಯಾಸಂಗ ಎರಡು ವರ್ಷ. ಮೊದಲ ವರ್ಷ ಔಷಧ ತಯಾರಿಕೆ, ಔಷಧ ರಸಾಯನ, ಗಿಡಮೂಲಿಕೆ ಔಷಧಗಳ ಪರಿಚಯ, ಅಂಗರಚನೆ ಮತ್ತು ಶರೀರಕ್ರಿಯೆ, ಸಾಮಾಜಿಕ ಫಾರ್ಮಸಿ ಎಂಬ ವಿಷಯಗಳಿವೆ. ಎರಡನೆಯ ವರ್ಷ ಔಷಧಗಳು ದೇಹದಲ್ಲಿ ವರ್ತಿಸುವ ಬಗೆ, ಚಿಕಿತ್ಸೆಯಲ್ಲಿ ಅವುಗಳ ಬಳಕೆ, ಆಸ್ಪತ್ರೆ ಫಾರ್ಮಸಿ, ಕಾನೂನು ಮತ್ತು ನೀತಿ ಮುಂತಾದವು ಬರುತ್ತವೆ.

ಓದು ಮುಗಿದ ಮೇಲೆ 500 ಗಂಟೆಗಳ ಪ್ರಾಯೋಗಿಕ ತರಬೇತಿ ಕಡ್ಡಾಯ. ಇದನ್ನು ಕನಿಷ್ಠ ಮೂರು ತಿಂಗಳ ಅವಧಿಯಲ್ಲಿ ಪೂರೈಸಬೇಕು. ಅದರಲ್ಲಿ 250 ಗಂಟೆಗಳಾದರೂ ಚೀಟಿ ನೋಡಿ ಔಷಧ ವಿತರಿಸುವ ಕೆಲಸಕ್ಕೇ ಮೀಸಲಾಗಬೇಕು. ಹಾಜರಿ ಪುಸ್ತಕದಲ್ಲಿ ಸಹಿ ಹಾಕಿಸಿಕೊಂಡು ಈ ಹಂತ ಮುಗಿಸುವವನು ಮುಂದೆ ತನ್ನ ಎದುರಿಗೆ ಬರುವ ರೋಗಿಗೆ ಅನ್ಯಾಯ ಮಾಡಿದಂತೆ.

ನಂತರದ್ದು ಕರ್ನಾಟಕ ರಾಜ್ಯ ಫಾರ್ಮಸಿ ಪರಿಷತ್ತಿನಲ್ಲಿ ನೋಂದಣಿ. ಅರ್ಜಿದಾರರಿಗೆ 18 ವರ್ಷ ತುಂಬಿರಬೇಕು. ಡಿಪ್ಲೊಮಾ ಪಡೆದವರಿಗೆ ನೋಂದಣಿಗೆ ಮುನ್ನ ನಿರ್ಗಮನ ಪರೀಕ್ಷೆ ನಡೆಸುವ ನಿಯಮಾವಳಿಯೊಂದು 2022ರಲ್ಲಿ ಪ್ರಕಟವಾಗಿದೆ. ಅದು ತಮ್ಮ ತಂಡಕ್ಕೆ ಅನ್ವಯಿಸುವುದೇ ಎಂಬುದನ್ನು ಪ್ರವೇಶಕ್ಕೆ ಮುನ್ನವೇ ಪರಿಷತ್ತಿನಲ್ಲಿ ಕೇಳಿ ತಿಳಿಯುವುದು ಲೇಸು.

ಒಂದು ಅಕ್ಷರದ ಬೆಲೆ

ಇಷ್ಟೆಲ್ಲ ಕಟ್ಟುಪಾಡು ಏಕೆ ಎಂಬ ಪ್ರಶ್ನೆ ಸಹಜ. ಕೌಂಟರಿನ ಕೆಲಸವೇ ಇದಕ್ಕೆ ಉತ್ತರ. ಚೀಟಿಯಲ್ಲಿ ‘ಓಡಿ’ ಎಂದರೆ ದಿನಕ್ಕೆ ಒಮ್ಮೆ, ‘ಬಿಡಿ’ ಎಂದರೆ ಎರಡು ಬಾರಿ, ‘ಟಿಡಿಎಸ್’ ಎಂದರೆ ಮೂರು ಬಾರಿ, ‘ಎಸ್‌ಒಎಸ್’ ಎಂದರೆ ಅಗತ್ಯಬಿದ್ದಾಗ ಮಾತ್ರ. ಒಂದು ಅಕ್ಷರ ತಪ್ಪಿ ಓದಿದರೆ ಪ್ರಮಾಣ ದುಪ್ಪಟ್ಟಾಗುತ್ತದೆ. ಸಂಧಿವಾತಕ್ಕೆ ಕೊಡುವ ಮೆಥೋಟ್ರೆಕ್ಸೇಟ್ ಮಾತ್ರೆಯನ್ನು ವಾರಕ್ಕೊಮ್ಮೆ ಸೇವಿಸಬೇಕು. ನಿತ್ಯ ಸೇವಿಸಿದರೆ ಪ್ರಾಣಕ್ಕೇ ಸಂಚಕಾರ. ತೆರೆಯದ ಇನ್ಸುಲಿನ್ ಅನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಇಡಬೇಕು. ಹೆಪ್ಪುಗಟ್ಟಿದರೆ ಅದು ಬಳಕೆಗೆ ಬಾರದು. ಇವನ್ನು ರೋಗಿಗೆ ತಿಳಿಯುವ ಮಾತಿನಲ್ಲಿ ಹೇಳಬೇಕಾದವರು ಫಾರ್ಮಸಿಸ್ಟರು.

ಲೆಕ್ಕಪತ್ರವೂ ಅಷ್ಟೇ ಮುಖ್ಯ. 2014ರ ಮಾರ್ಚ್ 1ರಿಂದ ಜಾರಿಗೆ ಬಂದ ಶೆಡ್ಯೂಲ್ ಎಚ್1ರಲ್ಲಿ ಕೆಲವು ಪ್ರಬಲ ಆಂಟಿಬಯಾಟಿಕ್‌ಗಳು, ಕ್ಷಯದ ಔಷಧಗಳು, ಚಟ ಹಿಡಿಸಬಲ್ಲ ಕೆಲವು ಔಷಧಗಳು ಸೇರಿವೆ. ಇವನ್ನು ಮಾರಿದಾಗ ವೈದ್ಯರ ಹೆಸರು, ರೋಗಿಯ ಹೆಸರು, ಔಷಧ ಮತ್ತು ಪ್ರಮಾಣವನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಕಾಪಾಡಬೇಕು.

ಬಾಡಿಗೆಯ ಸರ್ಟಿಫಿಕೇಟ್

ಈ ಕ್ಷೇತ್ರದ ದೊಡ್ಡ ಪಿಡುಗು ಎಂದರೆ ಸರ್ಟಿಫಿಕೇಟನ್ನು ಬಾಡಿಗೆಗೆ ಕೊಡುವುದು. ಗೋಡೆಯಲ್ಲಿ ಒಬ್ಬರ ಪ್ರಮಾಣಪತ್ರ ತೂಗುತ್ತದೆ, ಔಷಧ ಕೊಡುವವನು ಇನ್ನೊಬ್ಬ. ಹೊಸದಾಗಿ ಡಿಪ್ಲೊಮಾ ಪಡೆದವರಿಗೆ ತಿಂಗಳಿಗಿಷ್ಟು ಎಂಬ ಆಮಿಷ ಬರುವುದುಂಟು. ಅದಕ್ಕೆ ಮಣಿದರೆ ಅಲ್ಲಿ ನಡೆಯುವ ಪ್ರತಿಯೊಂದು ತಪ್ಪಿಗೂ ತಮ್ಮ ಹೆಸರೇ ಹೊಣೆಯಾಗುತ್ತದೆ. ಇಂತಹ ದೂರುಗಳಿದ್ದ ಬಿಹಾರದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2022ರ ನವೆಂಬರಿನಲ್ಲಿ, ನೋಂದಾಯಿತ ಫಾರ್ಮಸಿಸ್ಟರಿಲ್ಲದೆ ಔಷಧ ವಿತರಿಸುವುದು ಜನರ ಆರೋಗ್ಯಕ್ಕೆ ಹಾನಿಕರ ಎಂಬ ನಿಲುವು ತಳೆದು, ಪಟ್ನಾ ಹೈಕೋರ್ಟಿನ ಆದೇಶವನ್ನು ರದ್ದುಪಡಿಸಿ ಮರುಪರಿಶೀಲನೆಗೆ ಕಳುಹಿಸಿತು.

ಸೇರುವ ಮುನ್ನ

ನೋಂದಣಿ ಪಡೆದವರಿಗೆ ಆಸ್ಪತ್ರೆ, ಖಾಸಗಿ ಔಷಧ ಅಂಗಡಿ, ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಅವಕಾಶಗಳಿವೆ. ಜನೌಷಧಿ ಕೇಂದ್ರಕ್ಕೂ ಫಾರ್ಮಸಿಸ್ಟ್ ಬೇಕೇ ಬೇಕು. ಓದು ಮುಂದುವರಿಸುವ ಆಸೆಯಿದ್ದರೆ ಡಿ.ಫಾರ್ಮ್ ಮುಗಿಸಿದವರು ಬಿ.ಫಾರ್ಮ್‌ನ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದು.

ಶುಲ್ಕ ಕಟ್ಟುವ ಮುನ್ನ ವಿದ್ಯಾರ್ಥಿಗಳು ಮತ್ತು ಪೋಷಕರು ಕೇಳಬೇಕಾದ ಪ್ರಶ್ನೆಗಳು ಎರಡು. ಕಾಲೇಜಿಗೆ ಭಾರತೀಯ ಫಾರ್ಮಸಿ ಪರಿಷತ್ತಿನ ಮಾನ್ಯತೆ ಈ ಸಾಲಿಗೂ ಇದೆಯೇ? ವ್ಯಾಸಂಗ ಮುಗಿದ ಮೇಲೆ ರಾಜ್ಯ ಪರಿಷತ್ತಿನಲ್ಲಿ ನೋಂದಣಿ ಆಗುತ್ತದೆಯೇ? ಎರಡಕ್ಕೂ ಲಿಖಿತ ದಾಖಲೆ ತೋರಿಸಲಾಗದ ಸಂಸ್ಥೆಗೆ ಸೇರದಿರುವುದೇ ಒಳ್ಳೆಯದು.