ಹಾಡನ್ನೇ ಪಾಠವಾಗಿಸುವುದು: ಮಾದಪ್ಪನ ಕಾವ್ಯದ ನಿದರ್ಶನ

ಅಭ್ಯಾಸ ಬೋಧನೆಯಲ್ಲಿ ಜನಪದ ಗೀತೆ ಹೆಚ್ಚಾಗಿ ಪೀಠಿಕೆಗಷ್ಟೇ ಬರುತ್ತದೆ. ಮಕ್ಕಳು ಒಮ್ಮೆ ಹಾಡುತ್ತಾರೆ, ಕಪ್ಪು ಹಲಗೆಯ ಮೇಲೆ ಶೀರ್ಷಿಕೆ ಬೀಳುತ್ತದೆ, ಹಾಡು ಅಲ್ಲಿಗೆ ಮುಗಿಯುತ್ತದೆ. ಆದರೆ ಹಾಡೇ ಪಾಠವಾಗಬಲ್ಲದು.

ಚಾಮರಾಜನಗರ ಸೀಮೆಯ ದೇವರಗುಡ್ಡರು ಕಂಸಾಳೆ ಹಿಡಿದು ಹಾಡುವ ಮಲೆ ಮಾದೇಶ್ವರ ಕಾವ್ಯವನ್ನೇ ನೋಡೋಣ. ಇದರ ಭಾಗಗಳನ್ನು ‘ಸಾಲು’ ಎನ್ನುತ್ತಾರೆ. ಒಂದೊಂದು ಸಾಲಿನಲ್ಲೂ ಒಂದು ನೆಲ, ಒಂದು ಬದುಕು ಇದೆ. ಕಪಿಲಾ ದಡದ ಸುತ್ತೂರು ಮಠದಲ್ಲಿ ಮಾದಪ್ಪ ರಾಗಿ ಬೀಸುತ್ತಾನೆ. ಅಲ್ಲಿ ಬಯಲಿನ ಬೆಳೆ, ಬೀಸುವ ಕಲ್ಲಿನ ದುಡಿಮೆ ಕಾಣುತ್ತದೆ. ಸಂಕಮ್ಮನ ಸಾಲಿನಲ್ಲಿ ಸೋಲಿಗರ ಕಾಡು, ಜೇನು, ಗೆಣಸು ಬರುತ್ತವೆ. ಕೊನೆಗೆ 77 ಮಲೆ. ಸುತ್ತೂರಿನಿಂದ ಬೆಟ್ಟದವರೆಗಿನ ಈ ದಾರಿಯನ್ನು ಮಕ್ಕಳೇ ನಕ್ಷೆಯಲ್ಲಿ ಗುರುತಿಸಿ, ಪ್ರತಿ ಸ್ಥಳದ ಎದುರು ಅಲ್ಲಿನ ಕಸುಬು ಬರೆಯಲಿ. ಭೂಗೋಳ ಮತ್ತು ಭಾಷೆ ಒಂದೇ ಅವಧಿಯಲ್ಲಿ ಕೂಡುತ್ತವೆ.

ಇಲ್ಲೊಂದು ಎಚ್ಚರ ಬೇಕು. ಕಾಡಿಗೆ ಹೊರಟ ಗಂಡ ನೀಲಯ್ಯ, ತನ್ನ ಶೀಲಕ್ಕೆ ಭಾಷೆ ಕೊಡೆಂದು ಸಂಕಮ್ಮನನ್ನು ಹಿಂಸಿಸುತ್ತಾನೆ, ಆಕೆ ಒಪ್ಪುವುದಿಲ್ಲ. ಪಾಠಯೋಜನೆ ಬರೆಯುವಾಗ ಜೇನು, ಗೆಣಸುಗಳನ್ನು ಇಟ್ಟುಕೊಂಡು ಈ ಭಾಗವನ್ನು ಬಿಟ್ಟುಬಿಡಲು ಮನಸ್ಸಾಗುತ್ತದೆ. ಬಿಟ್ಟರೆ ಕಾಡು ಬರೀ ಚಿತ್ರಪಟವಾಗುತ್ತದೆ, ಅಲ್ಲಿನ ಹೆಣ್ಣು ಮಾಯವಾಗುತ್ತಾಳೆ. ಹಿಂಸೆಯ ವಿವರಗಳನ್ನು ಮಕ್ಕಳ ವಯಸ್ಸಿಗೆ ತಕ್ಕಂತೆ ಕಡಿಮೆ ಮಾಡಬಹುದು. ಆಕೆಯ ನಿರಾಕರಣೆಯನ್ನು ಬಿಡಬಾರದು. “ಸಂಕಮ್ಮ ಯಾಕೆ ಭಾಷೆ ಕೊಡಲಿಲ್ಲ?” ಎಂಬುದೇ ಮೌಲ್ಯಮಾಪನದ ಕೊನೆಯ ಪ್ರಶ್ನೆಯಾಗಲಿ.