ಅಳತೆ ತಪ್ಪಿದರೆ ದೋಷ ಮಗುವಿನದಲ್ಲ

ಭೀಮಾ ನದಿಯ ದಂಡೆಯ ದೇವಣಗಾಂವದಲ್ಲಿ ಮಾರ್ಚ್ ತಿಂಗಳು ಬಂತೆಂದರೆ ಎರಡು ಬಗೆಯ ಕಾವು ಏರುತ್ತದೆ. ಒಂದು ಬಿಸಿಲಿನದು, ಇನ್ನೊಂದು ಎಸ್.ಎಸ್.ಎಲ್.ಸಿ. ಪರೀಕ್ಷೆಯದು. ಅತ್ತ ಹೊಲಗಳಲ್ಲಿ ಬಿಳಿಜೋಳದ ರಾಶಿ ನಡೆಯುತ್ತಿರುವಾಗಲೇ ಇತ್ತ ಹತ್ತನೆಯ ತರಗತಿಯ ಮಕ್ಕಳು ಹಾಲ್ ಟಿಕೆಟ್ ಹಿಡಿದು ಪರೀಕ್ಷಾ ಕೇಂದ್ರದ ದಾರಿ ಹಿಡಿಯುತ್ತಾರೆ. ಅಂದಿನ ಮೂರು ಗಂಟೆಗಳಲ್ಲಿ ಬರೆದದ್ದೇ ಮುಂದಿನ ಓದನ್ನೂ ಉದ್ಯೋಗವನ್ನೂ ನಿರ್ಧರಿಸುತ್ತದೆಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿ ಬಲವಾಗಿದೆ. ಆದರೆ ಆ ಮೂರು ಗಂಟೆಗಳು ಎಲ್ಲ ಮಕ್ಕಳಿಗೂ ಸಮನಾಗಿವೆಯೇ ಎಂಬ ಪ್ರಶ್ನೆಯನ್ನು ಕೇಳುವವರು ಕಡಿಮೆ.

ಒಬ್ಬ ಬಾಲಕನನ್ನು ಕಲ್ಪಿಸಿಕೊಳ್ಳೋಣ. ಗುರುಗಳು ಪಾಠ ಹೇಳಿದರೆ ಅವನಿಗೆ ಕೂಡಲೇ ಅರ್ಥವಾಗುತ್ತದೆ. ಬಾಯಿಲೆಕ್ಕದಲ್ಲಿ ತರಗತಿಗೇ ಮುಂದು. ಆದರೆ ಪುಸ್ತಕ ತೆರೆದರೆ 'ಪ' ಯಾವುದು, 'ಷ' ಯಾವುದು ಎಂದು ತಡವರಿಸುತ್ತಾನೆ. ದೀರ್ಘ ಬಿಡುತ್ತಾನೆ, ಒತ್ತಕ್ಷರ ಮರೆಯುತ್ತಾನೆ, ಒಂದು ವಾಕ್ಯ ಬರೆಯುವಷ್ಟರಲ್ಲಿ ನೆರೆಯವನು ಪುಟ ಮುಗಿಸಿರುತ್ತಾನೆ. ಅವನನ್ನು ನಾವು ಏನೆಂದು ಕರೆಯುತ್ತೇವೆ? ದಡ್ಡನೆಂದು, ಇಲ್ಲವೆ ಸೋಮಾರಿಯೆಂದು. ಆದರೆ ವೈದ್ಯಶಾಸ್ತ್ರ ಇದನ್ನು ಕಲಿಕೆಯ ನಿರ್ದಿಷ್ಟ ನ್ಯೂನತೆಯೆಂದು ಗುರುತಿಸಿದೆ. ಓದುವುದರಲ್ಲಿ ತೊಡಕಾದರೆ ಡಿಸ್ಲೆಕ್ಸಿಯಾ, ಬರೆಯುವುದರಲ್ಲಾದರೆ ಡಿಸ್‌ಗ್ರಾಫಿಯಾ, ಲೆಕ್ಕದಲ್ಲಾದರೆ ಡಿಸ್‌ಕ್ಯಾಲ್ಕುಲಿಯಾ. ಬುದ್ಧಿಯ ಕೊರತೆಗೂ ಇವಕ್ಕೂ ಸಂಬಂಧವಿಲ್ಲ.

ಇನ್ನು ಕಣ್ಣು ಕಾಣದ ಬಾಲಕಿ, ಕೈಬೆರಳುಗಳು ಲೇಖನಿಯನ್ನು ಹಿಡಿಯಲಾರದ ಬಾಲಕ, ಕಿವಿ ಕೇಳದ ಮಗು ಇವರ ಕಷ್ಟಗಳು ಹೊರಗಿನವರಿಗೂ ಕಾಣುತ್ತವೆ. ಇವರೆಲ್ಲರನ್ನೂ ಒಂದೇ ಪ್ರಶ್ನೆಪತ್ರಿಕೆ, ಒಂದೇ ಗಡಿಯಾರ, ಒಂದೇ ವಿಧಾನದಿಂದ ಅಳೆದಾಗ ನಾವು ಅಳೆಯುವುದು ಅವರ ಜ್ಞಾನವನ್ನೋ, ಅವರ ಕೈಯ ವೇಗವನ್ನೋ? ಕಣದಲ್ಲಿ ಜೋಳ ಅಳೆಯುವ ಮೊದಲು ರೈತ ಸೇರನ್ನು ತಿರುಗಿಸಿ ನೋಡುತ್ತಾನೆ. ಸೇರು ಸರಿಯಿಲ್ಲದಿದ್ದರೆ ರಾಶಿಯ ಲೆಕ್ಕ ತಪ್ಪುತ್ತದೆ. ಆ ತಪ್ಪು ಜೋಳದ್ದಲ್ಲ.

ಅಕ್ಷರವನ್ನು ಕಣ್ಣಿನಿಂದಲೇ ಕಲಿಯಬೇಕೆಂದಿಲ್ಲ ಎಂಬ ಮಾತು ಉತ್ತರ ಕರ್ನಾಟಕದ ನಮಗೆ ಹೊಸದೇನೂ ಅಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ ಅವರ ಶಿಷ್ಯ ಪುಟ್ಟರಾಜ ಗವಾಯಿಗಳೂ ಸ್ವತಃ ದೃಷ್ಟಿಹೀನರಾಗಿದ್ದು ನೂರಾರು ಅಂಧ ಮಕ್ಕಳನ್ನು ಸಂಗೀತ ವಿದ್ವಾಂಸರನ್ನಾಗಿ ಮಾಡಿದರು. 2010ರಲ್ಲಿ ಪುಟ್ಟರಾಜರಿಗೆ ಪದ್ಮಭೂಷಣ ಪ್ರಶಸ್ತಿ ಸಂದಿತು. ಫ್ರಾನ್ಸಿನ ಲೂಯಿ ಬ್ರೈಲ್ 19ನೆಯ ಶತಮಾನದಲ್ಲಿ ರೂಪಿಸಿದ ಉಬ್ಬು ಚುಕ್ಕೆಗಳ ಲಿಪಿಯನ್ನು 1951ರಲ್ಲಿ ಭಾರತದ ಭಾಷೆಗಳಿಗೆಲ್ಲ ಏಕರೂಪವಾಗಿ ಅಳವಡಿಸಲಾಯಿತು. ಹೀಗೆ ಕಲಿಸುವ ದಾರಿ ಎಂದೋ ತೆರೆಯಿತು. ಪರೀಕ್ಷಿಸುವ ದಾರಿ ಮಾತ್ರ ಬಹುಕಾಲ ಮುಚ್ಚಿಯೇ ಇತ್ತು.

ಆ ಬಾಗಿಲನ್ನು ಮೊದಲು ತಟ್ಟಿದ್ದು 1995ರ ಅಂಗವಿಕಲರ ಅಧಿನಿಯಮ. ಅಂಧ ಹಾಗೂ ಮಂದದೃಷ್ಟಿಯ ವಿದ್ಯಾರ್ಥಿಗಳಿಗೆ ಉತ್ತರ ಬರೆದುಕೊಡುವ ಲಿಪಿಕಾರರನ್ನು ಶಿಕ್ಷಣ ಸಂಸ್ಥೆಗಳೇ ಒದಗಿಸಬೇಕೆಂದು ಅದು ವಿಧಿಸಿತು. ಆದರೆ ಆ ಕಾಯಿದೆ ಹೆಸರಿಸಿದ್ದು ಏಳೇ ಬಗೆಯ ನ್ಯೂನತೆಗಳನ್ನು. ಕಲಿಕೆಯ ತೊಡಕಿನ ಮಗುವಿಗೆ ಅದರಲ್ಲಿ ಸ್ಥಳವಿರಲಿಲ್ಲ. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮ ಈ ಪಟ್ಟಿಯನ್ನು 21ಕ್ಕೆ ವಿಸ್ತರಿಸಿತು. ಕಲಿಕೆಯ ನಿರ್ದಿಷ್ಟ ನ್ಯೂನತೆಯೂ ಅದರಲ್ಲಿ ಸೇರಿತು. ಅದರ 17ನೆಯ ಪ್ರಕರಣವು ಪರೀಕ್ಷಾ ಪದ್ಧತಿಯಲ್ಲಿ ತಕ್ಕ ಮಾರ್ಪಾಡು ಮಾಡಬೇಕೆಂದೂ, ಹೆಚ್ಚುವರಿ ಸಮಯ, ಲಿಪಿಕಾರರ ನೆರವು, ದ್ವಿತೀಯ ಮತ್ತು ತೃತೀಯ ಭಾಷೆಗಳಿಂದ ವಿನಾಯಿತಿ ಇವು ಅಂಥ ಮಾರ್ಪಾಡುಗಳೆಂದೂ ಸ್ಪಷ್ಟವಾಗಿ ಹೇಳುತ್ತದೆ. ಸಮಯವೆಷ್ಟೆಂಬುದನ್ನು ಕೇಂದ್ರ ಸರಕಾರದ 2013 ಮತ್ತು 2018ರ ಮಾರ್ಗಸೂಚಿಗಳು ತಿಳಿಸಿದವು. ಪರೀಕ್ಷೆಯ ಪ್ರತಿ ಗಂಟೆಗೆ ಕನಿಷ್ಠ 20 ನಿಮಿಷ, ಎಂದರೆ ಮೂರು ಗಂಟೆಯ ಪರೀಕ್ಷೆಗೆ ಇನ್ನೊಂದು ಗಂಟೆ.

ಕಾಯಿದೆಯ ಅಕ್ಷರ ಬೇರೆ, ಅದನ್ನು ಓದುವ ಬಗೆ ಬೇರೆ. ವಿಕಾಶ್ ಕುಮಾರ್ ಎಂಬ ಯುವಕ ನಾಗರಿಕ ಸೇವೆಗಳ ಪರೀಕ್ಷೆಗೆ ಅರ್ಜಿ ಹಾಕಿದಾಗ ಲಿಪಿಕಾರರನ್ನು ಕೋರಿದರು. ಬರೆಯತೊಡಗಿದರೆ ಕೈ ಸೆಟೆದುಕೊಳ್ಳುವ ತೊಂದರೆ ಅವರದು. ನ್ಯೂನತೆಯ ಪ್ರಮಾಣ ಶೇಕಡಾ 40 ಇದ್ದರೆ ಮಾತ್ರ ಆ ಸೌಲಭ್ಯವೆಂಬ ವಾದ ಎದುರಾಯಿತು. ವೈದ್ಯರು ಅವರಿಗೆ ಬರೆದುಕೊಟ್ಟದ್ದು ಶೇಕಡಾ 6. ಸರ್ವೋಚ್ಚ ನ್ಯಾಯಾಲಯವು 2021ರ ಫೆಬ್ರವರಿ 11ರಂದು ನೀಡಿದ ತೀರ್ಪಿನಲ್ಲಿ ಈ ವಾದವನ್ನು ಒಪ್ಪಲಿಲ್ಲ. ಬರೆಯಲಾರದವನಿಗೆ ನೆರವು ಬೇಕೇ ಹೊರತು ಶೇಕಡಾವಾರು ಲೆಕ್ಕವಲ್ಲ ಎಂಬುದು ಆ ತೀರ್ಪಿನ ಸಾರ. ಅದೇ ಧೋರಣೆಯನ್ನು 2025ರ ಫೆಬ್ರವರಿಯ ಗುಲ್ಶನ್ ಕುಮಾರ್ ಪ್ರಕರಣದಲ್ಲಿಯೂ ನ್ಯಾಯಾಲಯ ಮುಂದುವರಿಸಿತು.

ಇನ್ನೊಂದು ಪ್ರಕರಣ ನಮ್ಮನ್ನು ಹೆಚ್ಚು ಕಲಕುತ್ತದೆ. 2021ರ ನೀಟ್ ಪರೀಕ್ಷೆಯಲ್ಲಿ ಡಿಸ್‌ಗ್ರಾಫಿಯಾ ಇದ್ದ ವಿದ್ಯಾರ್ಥಿನಿಯೊಬ್ಬಳಿಗೆ ನ್ಯಾಯವಾಗಿ ಸಲ್ಲಬೇಕಾಗಿದ್ದ ಒಂದು ಗಂಟೆಯನ್ನು ಪರೀಕ್ಷಾ ಕೇಂದ್ರದಲ್ಲಿ ಕೊಡಲಿಲ್ಲ. ಅದೇ ವರ್ಷದ ನವೆಂಬರ್ 23ರಂದು ಸರ್ವೋಚ್ಚ ನ್ಯಾಯಾಲಯವು ಅವಳಿಗೆ ಅನ್ಯಾಯವಾದುದು ನಿಜವೆಂದು ಒಪ್ಪಿ, ಅದನ್ನು ಸರಿಪಡಿಸುವ ಮಾರ್ಗ ಹುಡುಕುವಂತೆ ಆದೇಶಿಸಿತು. ಆದರೂ ಮರುಪರೀಕ್ಷೆ ದೊರೆಯಲಿಲ್ಲ. ದೊಡ್ಡ ಊರಿನ, ವಕೀಲರ ಮನೆ ಬಲ್ಲ ಕುಟುಂಬಕ್ಕೇ ಕಳೆದ ಆ ಗಂಟೆ ಸುಲಭವಾಗಿ ಹಿಂದಿರುಗದೆಂದ ಮೇಲೆ ದೇವಣಗಾಂವದ ಕೂಲಿಕಾರನ ಮಗಳ ಪಾಡೇನು? ಆದುದರಿಂದ ಈ ಸೌಲಭ್ಯವನ್ನು ಪರೀಕ್ಷೆಯ ಕೊಠಡಿಯಲ್ಲಿ ಕೇಳುವುದಲ್ಲ, ಬಹಳ ಮೊದಲೇ ಪಡೆದಿರಬೇಕು.

ನಮ್ಮ ಹಳ್ಳಿಗಳಲ್ಲಿ ಸೋಲು ಆರಂಭವಾಗುವುದೇ ಇಲ್ಲಿ. ಬೆಳೆಯುವ ಸಿರಿ ಮೊಳಕೆಯಲ್ಲಿ ಎನ್ನುತ್ತೇವೆ. ಮೊಳಕೆಯ ತೊಡಕನ್ನೂ ಆಗಲೇ ಕಾಣಬೇಕಲ್ಲವೆ? ಮೂರನೆಯ ತರಗತಿಯಲ್ಲಿ ಗುಣಿತಾಕ್ಷರ ಬಾರದ ಮಗುವನ್ನು ಹಿಂದಿನ ಸಾಲಿನಲ್ಲಿ ಕೂರಿಸಿ, ಎಂಟನೆಯ ತರಗತಿಯವರೆಗೆ ಮುಂದೆ ಮುಂದೆ ಕಳಿಸಿ, ಹತ್ತನೆಯ ತರಗತಿಯ ಜನವರಿಯಲ್ಲಿ 'ಇವನಿಗೆ ಏನಾದರೂ ಮಾಡಬಹುದೆ?' ಎಂದು ಕೇಳಿದರೆ ಕಾಲ ಮಿಂಚಿರುತ್ತದೆ. ಪ್ರಮಾಣಪತ್ರಕ್ಕಾಗಿ ದೇವಣಗಾಂವದಿಂದ ಸಿಂದಗಿಗೆ, ಅಲ್ಲಿಂದ 60 ಕಿ.ಮೀ. ದೂರದ ವಿಜಯಪುರದ ಜಿಲ್ಲಾ ಆಸ್ಪತ್ರೆಗೆ ಅಲೆಯಬೇಕಾಗುತ್ತದೆ. ಕಲಿಕೆಯ ತೊಡಕಿನ ಪರೀಕ್ಷೆಗೆ ಹೆಸರಾದ ನಿಮ್ಹಾನ್ಸ್ ಇರುವ ಬೆಂಗಳೂರಂತೂ ವಿಜಯಪುರದಿಂದ 500 ಕಿ.ಮೀ.ಗೂ ಆಚೆ. ಒಂದು ದಿನದ ಕೂಲಿ ಬಿಟ್ಟರೆ ಒಲೆ ಉರಿಯದ ಮನೆಯವರಿಗೆ ಇದು ಸಣ್ಣ ಮಾತಲ್ಲ.

ಇದಕ್ಕಿಂತಲೂ ದೊಡ್ಡ ಅಡ್ಡಿ ನಮ್ಮ ಮನಸ್ಸಿನಲ್ಲಿದೆ. ಮಗುವಿಗೆ ವಿಕಲತೆಯ ಪ್ರಮಾಣಪತ್ರ ಮಾಡಿಸಿದರೆ ಊರಿನವರು ಏನೆಂದಾರು, ನಾಳೆ ಮಗಳ ಮದುವೆಗೆ ತೊಂದರೆಯಾದೀತೆ ಎಂದು ಹೆತ್ತವರು ಅಳುಕುತ್ತಾರೆ. ಈ ಅಳುಕನ್ನು ನಾವು ಹಳಿಯಲಾರೆವು. ಆದರೆ ಕನ್ನಡಕ ಹಾಕಿಕೊಂಡ ಮಗುವನ್ನು ಯಾರೂ ಆಡಿಕೊಳ್ಳುವುದಿಲ್ಲ. ಕಣ್ಣಿಗೆ ಕನ್ನಡಕ ಹೇಗೋ ನಿಧಾನವಾಗಿ ಬರೆಯುವ ಕೈಗೆ ಹೆಚ್ಚಿನ ಗಂಟೆಯೂ ಹಾಗೆಯೇ. ಪ್ರಮಾಣಪತ್ರ ಮುಚ್ಚಿಟ್ಟು ಪರೀಕ್ಷೆಯಲ್ಲಿ ಅನುತ್ತೀರ್ಣಳಾಗಿ ಹದಿನಾರನೆಯ ವಯಸ್ಸಿಗೇ ಶಾಲೆ ಬಿಡುವ ಮಗಳ ಬಾಳು ಅದರಿಂದ ಹಸನಾಗುವುದೆ?

'ಇದು ಉಳಿದ ಮಕ್ಕಳಿಗೆ ಅನ್ಯಾಯವಲ್ಲವೆ?' ಎಂದು ಕೆಲವರು ಕೇಳುತ್ತಾರೆ. ಪ್ರಶ್ನೆ ಪ್ರಾಮಾಣಿಕವಾದುದು; ಉತ್ತರವೂ ಪ್ರಾಮಾಣಿಕವಾಗಿರಬೇಕು. ಹೆಚ್ಚಿನ ಸಮಯ ಬಾರದ ಉತ್ತರವನ್ನು ಬರಿಸುವುದಿಲ್ಲ. ಬರುವ ಉತ್ತರವನ್ನು ಕಾಗದಕ್ಕೆ ಇಳಿಸಲು ಬಿಡುತ್ತದೆ, ಅಷ್ಟೆ. ಲಿಪಿಕಾರನ ಕೆಲಸವೂ ಹೇಳಿದ್ದನ್ನು ಹೇಳಿದಂತೆ ಬರೆಯುವುದು. ತಪ್ಪು ಹೇಳಿದರೆ ತಪ್ಪನ್ನೇ ಬರೆಯಬೇಕು. ಆದುದರಿಂದಲೇ ಅವನು ಪರೀಕ್ಷಾರ್ಥಿಗಿಂತ ಕೆಳಗಿನ ತರಗತಿಯವನಾಗಿರಬೇಕೆಂಬ ಕಟ್ಟಳೆ ಬೆಳೆದುಬಂತು. ಈ ಸೌಲಭ್ಯವನ್ನು ದುರುಪಯೋಗ ಮಾಡಿಕೊಳ್ಳುವವರು ಇಲ್ಲವೆಂದು ನಾವು ಹೇಳುವುದಿಲ್ಲ. ಸುಳ್ಳು ಪ್ರಮಾಣಪತ್ರ ಮಾಡಿಸುವವನು ಸರಕಾರವನ್ನಷ್ಟೇ ವಂಚಿಸುವುದಿಲ್ಲ. ನಿಜವಾಗಿ ನೆರವು ಬೇಕಾದ ಮಗುವಿನ ಮೇಲೆ ಎಲ್ಲರ ಅನುಮಾನ ಬೀಳುವಂತೆ ಮಾಡುತ್ತಾನೆ.

ಹಾಗಾದರೆ ನಮ್ಮಿಂದ ಆಗಬೇಕಾದುದೇನು? ಮೊದಲನೆಯದಾಗಿ ಶಿಕ್ಷಕರು ಕಣ್ತೆರೆಯಬೇಕು. ಬಾಯಲ್ಲಿ ಹೇಳಬಲ್ಲ ಮಗು ಬರೆಯಲಾರದೆಂದರೆ ಬೆತ್ತ ಹಿಡಿಯುವ ಮೊದಲು ಕಾರಣ ಹುಡುಕಬೇಕು. ಇಂಥ ತೊಡಕನ್ನು ಆದಷ್ಟು ಬೇಗ ಪತ್ತೆಹಚ್ಚುವುದು ಶಾಲೆಯ ಹೊಣೆಯೆಂದು 2016ರ ಅಧಿನಿಯಮವೇ ಹೇಳಿದೆ. ಶಾಲಾಮಕ್ಕಳ ಸಮೀಕ್ಷೆಯನ್ನು ಐದು ವರ್ಷಕ್ಕೊಮ್ಮೆ ನಡೆಸಬೇಕೆಂದೂ ಅದರಲ್ಲಿದೆ. ಕ್ಷೇತ್ರ ಸಂಪನ್ಮೂಲ ಕೇಂದ್ರಗಳಲ್ಲಿ ವಿಶೇಷ ಅಗತ್ಯದ ಮಕ್ಕಳಿಗಾಗಿಯೇ ನೇಮಕಗೊಂಡ ಸಂಪನ್ಮೂಲ ಶಿಕ್ಷಕರಿದ್ದಾರೆ. ಅವರನ್ನು ಶಾಲೆಗೆ ಕರೆಸಿಕೊಳ್ಳಬೇಕು.

ಎರಡನೆಯದಾಗಿ ಹೆತ್ತವರು ತಡಮಾಡಬಾರದು. ಎಂಟನೆಯ ತರಗತಿಗೆ ಬರುವಷ್ಟರಲ್ಲಿ ಪ್ರಮಾಣಪತ್ರ ಕೈಯಲ್ಲಿರಲಿ. ಒಂಬತ್ತರಲ್ಲಿ ಶಾಲೆಯ ಕಿರುಪರೀಕ್ಷೆಗಳಲ್ಲೇ ಹೆಚ್ಚಿನ ಸಮಯವನ್ನೂ ಲಿಪಿಕಾರನ ನೆರವನ್ನೂ ಬಳಸಿ ಅಭ್ಯಾಸವಾಗಲಿ. ಉತ್ತರವನ್ನು ಮನಸ್ಸಿನಲ್ಲಿ ಜೋಡಿಸಿ ಬಾಯಲ್ಲಿ ಹೇಳಿ ಬರೆಸುವುದೂ ಒಂದು ವಿದ್ಯೆ. ಅದು ಪರೀಕ್ಷೆಯ ದಿನ ಒಮ್ಮೆಲೇ ಒದಗಿಬಾರದು. ಪ್ರತಿವರ್ಷ ಪರೀಕ್ಷಾ ಮಂಡಳಿಯ ಸುತ್ತೋಲೆ ಏನು ಹೇಳುತ್ತದೆಂದು ಮುಖ್ಯೋಪಾಧ್ಯಾಯರನ್ನು ಕೇಳಿ ತಿಳಿದುಕೊಂಡು, ಪರೀಕ್ಷೆಗೆ ಹೆಸರು ನೋಂದಾಯಿಸುವಾಗಲೇ ಬೇಡಿಕೆಯನ್ನು ಬರವಣಿಗೆಯಲ್ಲಿ ಸಲ್ಲಿಸಬೇಕು.

ಮೂರನೆಯ ಹೊಣೆ ನಮ್ಮದು, ಎಂದರೆ ನೆರೆಹೊರೆಯವರದು. ಅಕ್ಷರ ಬಲ್ಲ ಯುವಕರು ಸಂಜೆ ಒಂದು ಗಂಟೆ ಅಂಧ ಬಾಲಕಿಗೆ ಪಾಠ ಓದಿ ಹೇಳಬಹುದು. ಇಂದು ಪ್ರತಿ ಮನೆಯಲ್ಲಿರುವ ಮೊಬೈಲಿನಲ್ಲಿ ಅದನ್ನು ಧ್ವನಿಮುದ್ರಿಸಿ ಕೊಡಬಹುದು. ಕಚೇರಿಯ ಹೊಸ್ತಿಲು ತುಳಿಯಲು ಹೆದರುವ ತಾಯಿಯ ಜೊತೆ ಒಬ್ಬರು ವಿಜಯಪುರದವರೆಗೆ ಹೋಗಿಬರಬಹುದು. ನಮ್ಮ ಧರ್ಮಕೇಂದ್ರಗಳ ಯುವಜನ ಸಂಘಗಳೂ ಭಗಿನಿಯರ ಶಾಲೆಗಳೂ ಜಾತಿಮತ ನೋಡದೆ ಈ ಕೆಲಸಕ್ಕೆ ಕೈಹಾಕಿದರೆ ಅದಕ್ಕೆ ದೊಡ್ಡ ನಿಧಿಯೇನೂ ಬೇಕಾಗಿಲ್ಲ. ಬಸ್ಸಿನ ಚಾರ್ಜು ಮತ್ತು ಒಂದು ದಿನದ ಬಿಡುವು ಸಾಕು.

ಮಳೆಗಾಲದಲ್ಲಿ ಭೀಮೆ ಉಕ್ಕಿ ಸೇತುವೆಯ ಮಟ್ಟಕ್ಕೆ ಬಂದಾಗ, ಈಜು ಬಲ್ಲವರಷ್ಟೇ ದಾಟಲಿ ಎಂದು ದೇವಣಗಾಂವದ ಜನ ಯಾರಿಗೂ ಹೇಳುವುದಿಲ್ಲ. ಮುದುಕರನ್ನೂ ಮಕ್ಕಳನ್ನೂ ಕೈಹಿಡಿದು ದಡ ಸೇರಿಸುತ್ತಾರೆ. ಬರುವ ಮಾರ್ಚಿನಲ್ಲಿ ಪರೀಕ್ಷಾ ಕೊಠಡಿಯ ಬಾಗಿಲಲ್ಲಿ ನಿಲ್ಲುವ ಮಗುವಿಗೂ ಅಂಥದೇ ಒಂದು ಕೈ ಬೇಕಾಗಿದೆ. ಅದನ್ನು ನೀಡುವ ಸಿದ್ಧತೆ ಈ ಜೂನಿನಲ್ಲಿ, ಶಾಲೆಯ ಬಾಗಿಲು ತೆರೆಯುವ ದಿನವೇ ಆರಂಭವಾಗಲಿ.